ದಿನವೂ ಓದುವ ಸಾಲು

ಪೊರೆಯನ್ನು ಏಳನೇ ಸಲ ತೊಳೆಯುವ ನೀರಿನಲ್ಲಿ ಅದ್ದಿ, ಮೆಲ್ಲಗೆ ಎತ್ತಿ, ಗಾಜಿನ ಮೇಲೆ ಹರಡಿದೆ. ಗಾಜಿನಡಿ ಅಚ್ಚಾದ ಒಂದು ಚೀಟಿ. ಪೊರೆಯ ಮೂಲಕ ಕಾಣುವ ಸಾಲನ್ನು ಗಟ್ಟಿಯಾಗಿ ಓದಬೇಕು. ಅಕ್ಷರ ಮಸುಕಾದರೆ ಪೊರೆ ಬುಟ್ಟಿಗೆ.

ಕಸಾಯಿಖಾನೆಯವರು ಬಿಸಾಡುವ ಹಂದಿ ಚರ್ಮದಿಂದ ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಹೊಸ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ತಿಳಿಪೊರೆ, ಮಾಡುತ್ತಾರೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಓದುವ ಕೆಲಸ ಸಿಕ್ಕಿತ್ತು.

"ಕಿಟಕಿ ತೆರೆದಿದೆ, ಹಕ್ಕಿ ಒಳಗೆ ಬಂದಿದೆ."

ಬಾಗಿಲಾಚೆಯ ಬೆಂಚಿನಲ್ಲಿ ಕೂತಿದ್ದ ಒಬ್ಬ ವೆಲ್ಡರ್ ನಕ್ಕ. ಕಿಡಿ ಸಿಡಿದು ಎರಡೂ ಕಣ್ಣು ಬೆಳ್ಳಗಾದವನು. ವಾರಕ್ಕೆರಡು ಸಲ ತಪಾಸಣೆಗೆ ಬರುತ್ತಿದ್ದ.

"ಏನ್ರೀ, ಆ ಹಕ್ಕಿ ಹೊರಗೆ ಹೋಗೋದೇ ಇಲ್ವಾ?"

"ಹೋದ್ರೆ ನನ್ನ ಕೆಲಸ ಹೋಗುತ್ತೆ."

"ದನಿ ಕೇಳಿದ್ರೆ ನೀವು ಎತ್ತರ ಇದ್ದೀರಿ ಅನ್ಸುತ್ತೆ."

"ಸ್ಟೂಲ್ ಮೇಲೆ ಕೂತಿದ್ದೀನಿ."

ಅವನ ನೋಟ ಯಾವಾಗಲೂ ನನ್ನ ಕಿವಿಯ ಪಕ್ಕದ ಗೋಡೆಗೆ ನೆಟ್ಟಿರುತ್ತಿತ್ತು. ಅದೇ ಧೈರ್ಯದಲ್ಲಿ ನಾನು ಅವನನ್ನು ಕಣ್ತುಂಬ ನೋಡುತ್ತಿದ್ದೆ.

ಅವನಿಗೆಂದೇ ಮಾಡಿದ ಪೊರೆಯನ್ನು ಪರೀಕ್ಷಿಸಿದ ದಿನವೂ ಅವನನ್ನೇ ನೋಡುತ್ತಿದ್ದೆ. ಬಾಯಿ ತನ್ನ ಪಾಡಿಗೆ ಸಾಲು ಹೇಳಿತು. ಕಣ್ಣು ಚೀಟಿಯ ಮೇಲಿತ್ತೇ? ಆ ಪ್ರಶ್ನೆ ಎದ್ದಾಗ ಆಪರೇಷನ್ ಮುಗಿದಿತ್ತು.

ಯಾರಿಗೂ ಹೇಳಲಿಲ್ಲ. ಊಟ ಸೇರಲಿಲ್ಲ. ಜೊತೆಗೆ ಕೆಲಸ ಮಾಡುವ ಅಕ್ಕ, "ಆಪರೇಷನ್ ಅವನಿಗೋ ನಿಂಗೋ?" ಎಂದು ಚುಚ್ಚಿದಳು.

ಮೂರನೇ ವಾರ ಒಂದು ಕಣ್ಣಿನ ಪಟ್ಟಿ ಬಿಚ್ಚಿದರು. "ನಿನ್ನ ಚೀಟಿ ತಗೊಂಡು ಬಾಮ್ಮ," ಎಂದು ಡಾಕ್ಟರ್ ನನ್ನನ್ನೂ ಕರೆದರು. ಅದನ್ನು ಅವನ ಮುಂದೆ ಹಿಡಿದರು.

ಅವನು ಕಣ್ಣು ಕಿರಿದು ಮಾಡಿದ.

"ಕಿಟಕಿ ತೆರೆದಿದೆ, ಹಕ್ಕಿ ಒಳಗೆ ಬಂದಿದೆ."

ಡಾಕ್ಟರ್ ಚಪ್ಪಾಳೆ ತಟ್ಟಿದರು. ಅಕ್ಕ ಮೂಗೊರೆಸಿಕೊಂಡಳು. ನನ್ನ ಎದೆ ಮಾತ್ರ ತಣ್ಣಗಾಗಲಿಲ್ಲ. ಅವನು ಹೇಳಿದ್ದು ನನ್ನದೇ ರಾಗದಲ್ಲಿ, ನಾನು ನಿಲ್ಲಿಸುವ ಕಡೆಯೇ ನಿಲ್ಲಿಸಿ. ಆ ಸಾಲು ನನ್ನಷ್ಟೇ ಅವನಿಗೂ ಬಾಯಿಪಾಠ.

ಚೀಟಿ ತಿರುಗಿಸಿ, ಡಾಕ್ಟರ ಪೆನ್ನು ತೆಗೆದುಕೊಂಡು, ನಿಧಾನವಾಗಿ ಬರೆದೆ: 'ನಿಮ್ಮ ಪೊರೆಯನ್ನು ನಾನು ಸರಿಯಾಗಿ ನೋಡಲಿಲ್ಲ. ನಿಮ್ಮನ್ನೇ ನೋಡುತ್ತಿದ್ದೆ. ದಿನವೂ ನೋಡುತ್ತೇನೆ.'

ಅವನ ಕೈಗೆ ಕೊಟ್ಟೆ. ಅವನು ಚೀಟಿಯನ್ನು ಹತ್ತಿರ ತಂದ, ದೂರ ಹಿಡಿದ, ಮತ್ತೆ ಹತ್ತಿರ ತಂದ. ಅವನ ಕಿವಿಗಳು ಕೆಂಪಾದವು. ಚೀಟಿಯಿಂದ ಮೇಲೆದ್ದ ನೋಟ ಈ ಸಲ ಗೋಡೆಗೆ ಹೋಗಲಿಲ್ಲ. ನೇರ ನನ್ನ ಕಣ್ಣಿಗೆ ಬಂದು ನಿಂತಿತು.

ನನಗೆ ತಲೆ ತಗ್ಗಿಸಲೂ ಆಗಲಿಲ್ಲ.

"ಗಟ್ಟಿಯಾಗಿ ಓದಿ," ಎಂದೆ.