ಒಂಬತ್ತು ಹಾಡಿಗೆ ಒಂದೇ ತಾಳ

ಪುನರ್ನಾದಕ ಯಂತ್ರ ಹಾಡನ್ನು ನುಂಗಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಅದರ ಹಸಿರು ದೀಪ ಹೊತ್ತಿಕೊಂಡಿತು. ಕೋಣೆಯ ನಾಲ್ಕೂ ಮೂಲೆಗಳಿಂದ ಕುಣಿತದ ಸಂಗೀತ ಹೊಮ್ಮಿ, ಧಾರವಾಡದ ಆ ಧ್ವನಿ ಪ್ರಯೋಗಾಲಯದ ಕಿಟಕಿ ಗಾಜು ಅದುರಿತು. ಹಾಡಿನ ಒಡತಿ ಶಾಂಭವಿ ಬಾಯಿ ತೆರೆದುಕೊಂಡು ನಿಂತಳು.

“ಇದೂ ಏಳ ಐತಲ್ರೀ ಡಾಕ್ಟರ! ನನ್ನ ಹಾಡು ನಾಲ್ಕರಾಗ ಐತಿ. ನಿಮ್ಮ ಯಂತ್ರಕ್ಕ ಎಣಿಸಾಕ ಬರೂದಿಲ್ಲೇನು?”

ಯಂತ್ರವನ್ನು ಕಟ್ಟಿದ ಡಾ. ನಸೀಮಾ ಮುಲ್ಲಾ ತಲೆ ಕೆರೆದುಕೊಂಡರು. ಎಂಟು ಹಾಡು ಆಗಿದ್ದವು, ಇದು ಒಂಬತ್ತನೆಯದು. ಶಾಂಭವಿ ಎಲ್ಲವನ್ನೂ ನಾಲ್ಕು ಮಾತ್ರೆಯ ತಾಳದಲ್ಲಿ ಹಾಡಿದ್ದಳು. ಯಂತ್ರ ಮಾತ್ರ ಎಲ್ಲಕ್ಕೂ ಏಳು ಮಾತ್ರೆಯ ಪೆಟ್ಟು ಕೂಡಿಸುತ್ತಿತ್ತು.

ಈ ಗೊಂದಲ ತಿಳಿಯಬೇಕಾದರೆ ಯಂತ್ರದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಗಣಕಗಳು ಶೂನ್ಯದಿಂದಲೇ ಹಾಡು ಹುಟ್ಟಿಸಿ ಹುಟ್ಟಿಸಿ ಜನರಿಗೆ ವಾಕರಿಕೆ ಬಂದಿದ್ದ ಕಾಲ ಅದು. ಆದ್ದರಿಂದ ಡಾ. ಮುಲ್ಲಾ ಒಂದು ಹಟ ಹಿಡಿದು ಪುನರ್ನಾದಕವನ್ನು ಕಟ್ಟಿದ್ದರು: ರೀಮಿಕ್ಸ್‌ನೊಳಗೆ ಹೊರಗಿನ ಒಂದು ಸದ್ದೂ ಸೇರಕೂಡದು. ಯಂತ್ರ ಮೂಲ ಹಾಡನ್ನು ಧ್ವನಿಪದರಗಳಾಗಿ ಬಿಡಿಸುತ್ತಿತ್ತು. ತಂತಿಯ ಮೇಲೆ ಬೆರಳು ಜಾರಿದ ಸದ್ದನ್ನು ಹಿಗ್ಗಿಸಿ ಡ್ರಮ್ ಮಾಡುತ್ತಿತ್ತು, ಉಸಿರನ್ನು ನೇಯ್ದು ಅಲೆ ಮಾಡುತ್ತಿತ್ತು. ಗದ್ದಲದ ಹಾಡುಗಳಲ್ಲಿ ಸಣ್ಣ ಸದ್ದುಗಳು ಮುಳುಗಿಹೋಗುತ್ತವೆ. ಮೆಲ್ಲಗೆ ಹಾಡಿದ ಹಾಡುಗಳಲ್ಲಾದರೆ ಯಂತ್ರಕ್ಕೆ ಹುಡುಕಲು ಬೇಕಾದಷ್ಟು ಜಾಗ. ಶಾಂಭವಿ ಹಿಂದೆ ಯಾವಾಗಲೋ ತನ್ನ ಮನೆಯ ಅಡುಗೆಮನೆಯಲ್ಲಿ ಕುಳಿತು, ಗೋಡೆಯ ಗೂಡಿನಲ್ಲಿ ಒಂದು ಮೈಕ್ ಇಟ್ಟು ಹಾಡಿದ್ದ ಗಿಟಾರ್ ಹಾಡುಗಳು ಆಯ್ಕೆಯಾದದ್ದು ಹೀಗೆ. ಅವಳು ಒಪ್ಪಿದರೆ ಆಲ್ಬಮ್ ಊರೂರಿನ ಕುಣಿತದ ಅಂಗಳಗಳಿಗೆ ಹೋಗುವುದಿತ್ತು.

“ನಲ್ಲಿ ಸೋರತಿತ್ತೇನು?” ಎಂದು ಡಾ. ಮುಲ್ಲಾ ಕೇಳಿದರು.

“ನಲ್ಲಿ ಏಳು ಮಾತ್ರೆ ಎಣಿಸಿ ರೂಪಕ ತಾಳದಾಗ ಸೋರತೈತೇನ್ರೀ?”

ಫ್ರಿಜ್ಜು, ಹಲ್ಲಿ, ಪಕ್ಕದ ಮನೆಯವರ ಒರಳು, ಎಲ್ಲವನ್ನೂ ಇಬ್ಬರೂ ಸೇರಿ ಅನುಮಾನಿಸಿದರು. ಯಾವುದೂ ಸರಿಹೋಗಲಿಲ್ಲ.

“ಹೋಗ್ಲಿ ಬಿಡು, ಅಳಿಸಿಬಿಡತೀನಿ. ಒಂದ ಗುಂಡಿ ಒತ್ತಿದ್ರ ಮುಗೀತು,” ಎಂದರು ಡಾ. ಮುಲ್ಲಾ.

ಶಾಂಭವಿ ಹೂಂ ಅನ್ನುವವಳಿದ್ದಳು. ಯಾಕೋ ಏನೋ, “ಅದೊಂದನ್ನ ಬ್ಯಾರೆ ಮಾಡಿ ಕೇಳಸ್ರಿ,” ಎಂದಳು.

ಕಟ್ಟಿಗೆಯ ಮೇಲೆ ಬೆರಳಿನ ಪೆಟ್ಟು. ಗಟ್ಟಿ, ಗಟ್ಟಿ, ಮೆಲು. ನಡುನಡುವೆ ಉಂಗುರ ತಾಗಿದ ಕಿಣಿ. ಆ ಉಂಗುರದ ಸದ್ದು ಶಾಂಭವಿ ದಿನವೂ ಕೇಳಿದ್ದು.

“ನಮ್ಮಪ್ಪ,” ಎಂದಳು. “ಆದ್ರ ಅಂವಾ ನನ್ನ ಹಾಡು ಕೇಳೇ ಇಲ್ರೀ. ನಾ ಗಿಟಾರ್ ಹಿಡದ್ರ ಸಾಕು, ಬಾಗಲಾ ಹಾಕ್ಕೋತಾನ.”

ಅವಳ ತಂದೆ ಚನ್ನವೀರಪ್ಪ ತಬಲಾ ಮಾಸ್ತರು. ಕಲಿಸಿದ ತಾಳವನ್ನೆಲ್ಲ ಬದಿಗಿಟ್ಟು ಮಗಳು ಗಿಟಾರ್ ತಂದ ದಿನ, “ನನ್ನ ಮುಂದ ಅದನ್ನ ಬಾರಿಸಬ್ಯಾಡ,” ಎಂದಿದ್ದರು. ಅಂದಿನಿಂದ ಒಂದೇ ಮನೆಯಲ್ಲಿ ಅಪ್ಪ ಮಗಳು ಕಾಯಿಪಲ್ಲೆ, ನೆಗಡಿ, ನೆಂಟರು ಎಲ್ಲ ಮಾತಾಡುತ್ತಿದ್ದರು. ಹಾಡಿನ ಮಾತು ಮಾತ್ರ ಇಲ್ಲ. ಅದು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಸಂಜೆ ಇಬ್ಬರೂ ಮನೆಗೆ ಹೋಗಿ, ಏನೂ ಹೇಳದೆ ಆ ಪೆಟ್ಟಿನ ಪದರವನ್ನಷ್ಟೇ ಮಾಸ್ತರರಿಗೆ ಕೇಳಿಸಿದರು. ಮಾಸ್ತರರು ಕಣ್ಣು ಮುಚ್ಚಿ ತಲೆದೂಗಿದರು.

“ರೂಪಕ. ಕೈ ಚೊಲೊ ಐತಿ. ಯಾರ ಶಿಷ್ಯ ಇಂವಾ?”

“ನೀವೇ ಬಾರಿಸೀರಿ ಮಾಸ್ತರ, ಈ ಕುಂತ ಮಣಿ ಮ್ಯಾಲೆ,” ಎಂದರು ಡಾ. ಮುಲ್ಲಾ, ಹಾಡನ್ನೂ ಕೂಡಿಸಿ ಕೇಳಿಸುತ್ತ.

ಮಾಸ್ತರರು ಕೂತಿದ್ದ ಮಣೆಯನ್ನೊಮ್ಮೆ ನೋಡಿಕೊಂಡರು. ನಂತರ ರೇಗಿದರು. “ಈಕಿ ಹಾಡು ಗ್ವಾಡಿ ದಾಟಿ ಬಂದು ನನ್ನ ರಿಯಾಜ್ ಕೆಡಸತಿತ್ತು. ಕೆಡಬಾರದಂತ ನನ್ನ ತಾಳಾ ನಾ ಹಿಡಕೊಂಡು ಕುಂತಿದ್ದೆ. ಅಷ್ಟ!”

“ಹಂಗಿದ್ರ ಲಯದ ವೇಗ ಬ್ಯಾರೆ ಇರಬೇಕಿತ್ತಲ್ರೀ? ಎರಡು ಕ್ವಾಣ್ಯಾಗಿನ ಎರಡು ಗಡಿಯಾರ ಹಿಂಗ ಕೂಡಿ ನಡ್ಯೂದಿಲ್ಲ. ಇನ್ನೊಂದು ಕೇಳ್ರಿ,” ಎಂದರು ಡಾ. ಮುಲ್ಲಾ.

ಮೂರನೆಯ ಹಾಡು. ನಡುವೆ ಶಾಂಭವಿಯ ದನಿ ತಟ್ಟನೆ ನಿಂತಿತು. ಮಣೆಯ ಪೆಟ್ಟೂ ನಿಂತಿತು. ಬರೀ ನಿಶ್ಶಬ್ದ. ಅವಳು ಮತ್ತೆ ಹಾಡಿದಾಗ, ಸರಿಯಾಗಿ ಅದೇ ಮಾತ್ರೆಗೆ ಬೆರಳೂ ಬಂದು ಸೇರಿತು.

 ಮಾಸ್ತರರು ಮಗಳನ್ನು ಕೇಳಿದರು: “ಅವತ್ತು ಅಲ್ಲಿ ಯಾಕ ನಿಂತಿ? ಇನ್ನೂ ತಿಳದಿಲ್ಲ ನನಗ.”

“ಶುರು ಮಾಡೂ ಮುಂದ ನೀ ಬಾಗಲಾ ಹಾಕಿದ್ದು ನೆನಪಾತು. ಅಳು ಬಂತು,” ಎಂದಳು ಶಾಂಭವಿ.

“ಏ ಹುಚ್ಚಿ! ಬೀದೀ ಕಡೆ ಬಾಗಲಾ ಅದು. ತೆರದಿದ್ರ ಗಾಡಿ ಗದ್ದಲಾ ಒಳಗ ಬರತೈತಿ. ಗ್ವಾಡಿ ಈಚೆ ನಿನ್ನ ಹಾಡು ನನಗ ಹೆಂಗ ಕೇಳಬೇಕು?”

ಶಾಂಭವಿಗೆ ನಗಬೇಕೋ ಜಗಳ ತೆಗೆಯಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ಡಾ. ಮುಲ್ಲಾ ಎದ್ದು ಅಡುಗೆಮನೆಗೆ ಹೋಗಿ ತಾವೇ ಚಹಾಕ್ಕಿಟ್ಟರು.

ಅಳಿಸುವ ಗುಂಡಿಯನ್ನು ಯಾರೂ ಒತ್ತಲಿಲ್ಲ. ಆಲ್ಬಮ್ ಹಾಗೆಯೇ ಹೊರಬಂದು ಅವಾಂತರ ಮಾಡಿತು. ಹಾಡು ಒಂದು ಕಡೆ ಎಳೆದರೆ ಪೆಟ್ಟು ಇನ್ನೊಂದು ಕಡೆ ಎಳೆಯುತ್ತಿತ್ತು. ಕುಣಿಯುವವರ ಕಾಲಿಗೆ ಕಾಲು ತೊಡರಿ, ಬೀಳದಿರಲೆಂದು ಪಕ್ಕದವರ ಕೈ ಹಿಡಿದುಕೊಳ್ಳುವುದೇ ಹೊಸ ಕುಣಿತವಾಯಿತು. ಮಾಸ್ತರರು ಒಮ್ಮೆ ನೋಡಲು ಹೋಗಿ, “ಒಬ್ಬನೂ ಸಮಕ್ಕ, ತಾಳದ ಮೊದಲ ಪೆಟ್ಟಿಗೆ, ಬರವಲ್ಲ,” ಎಂದು ಬೈದುಕೊಂಡು ಬಂದರು. ಮಗಳ ಹಾಡು ಚೆನ್ನಾಗಿದೆ ಎಂದು ಈಗಲೂ ಅವರು ಬಾಯಿಬಿಟ್ಟು ಹೇಳಿಲ್ಲ.

ಮಣೆಯ ಪೆಟ್ಟು ಕೇಳಿಸಿದ ಆ ಸಂಜೆಯ ಮರುದಿನ ಮಧ್ಯಾಹ್ನ ಶಾಂಭವಿ ಅಡುಗೆಮನೆಯಲ್ಲಿ ಗಿಟಾರ್ ಹಿಡಿದು ಕುಳಿತಳು. ಶ್ರುತಿ ಮಾಡಿಕೊಂಡಳು. ಹಾಡಲಿಲ್ಲ, ಕಾದಳು. ಆಚೆ ಕೋಣೆಯಲ್ಲಿ ಮಣೆ ಎಳೆದ ಸದ್ದಾಯಿತು. ಆಮೇಲೆ ಬೀದಿ ಕಡೆಯ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಅವಳು ಹಾಡಲು ಶುರುಮಾಡಿದಳು.