ಏಳನೆಯ ಕೊಕ್ಕೆ

"ಇದನ್ನ ಹಾಕ್ಕೊಂಡು ನಾನು ಕುಣೀಲೋ, ಕಸ ಗುಡಿಸ್ಲೋ?"

ಬ್ಯಾಲೆ ಹುಡುಗಿ ಲಿಯೊಕಾದಿ ಬಾಗಿಲಲ್ಲೇ ನಿಂತು ಹಳದಿಗಟ್ಟಿದ ಲಂಗವನ್ನು ಎತ್ತಿ ತೋರಿಸಿದಳು. ಆನ್ಸೆಲ್ಮ್‌ನ ಸೂಜಿ ಅರ್ಧದಲ್ಲೇ ನಿಂತಿತು. ಇದೇ ಬಾಗಿಲು, ಹೆಚ್ಚುಕಡಿಮೆ ಇದೇ ಮಾತು. ಎರಡು ವರ್ಷದ ಹಿಂದೆ ಕೇಳಿದವಳು ಮಾತ್ರ ಬೇರೆ.

ಪ್ಯಾರಿಸ್ಸಿನ ಒಂದು ರಂಗಮಂದಿರದ ನಾಲ್ಕನೆಯ ಮಹಡಿಯಲ್ಲಿ ಅವನ ಹೊಲಿಗೆ ಕೋಣೆ. ಬ್ಯಾಲೆ ಹುಡುಗಿಯರ ಲಂಗಗಳನ್ನು ಅಲ್ಲಿ ಚಾವಣಿಯ ಕೊಕ್ಕೆಗಳಿಗೆ ತಲೆಕೆಳಗಾಗಿ ನೇತುಹಾಕುತ್ತಿದ್ದರು. ಇಲ್ಲದಿದ್ದರೆ ಜಾಳು ಬಟ್ಟೆಯ ಪದರಗಳು ಜೋತುಬೀಳುತ್ತವೆ. ಎಲ್ಲ ಕೊಕ್ಕೆಗಳೂ ತುಂಬಿದ್ದವು, ಏಳನೆಯದೊಂದು ಬಿಟ್ಟು. ಅದು ಎರಡು ವರ್ಷದ ಹಿಂದೆ ಇಲ್ಲಿ ಕುಣಿಯುತ್ತಿದ್ದ ಕ್ಲೆಮಾನ್ಸ್‌ಳದು.

ಕಿಟಕಿ ಮುಚ್ಚಿದ್ದಾಗಲೂ ಆ ಕೊಕ್ಕೆಯ ಅಕ್ಕಪಕ್ಕದ ಲಂಗಗಳು ಮೆಲ್ಲಗೆ ಒಂದು ಸುತ್ತು ತಿರುಗುತ್ತಿದ್ದವು. ಆಗ ಬಟ್ಟೆಗೆ ಹಾಕುವ ಗಂಜಿ ಸುಟ್ಟ ವಾಸನೆ ಬರುತ್ತಿತ್ತು. ಆನ್ಸೆಲ್ಮ್ ಒಮ್ಮೆ ಜೊತೆಯ ಹೊಲಿಗೆಯವರನ್ನು ಕೇಳಿ ನೋಡಿದ್ದ. ಅವರಿಗೆ ಏನೂ ಕಂಡಿರಲಿಲ್ಲ, ಏನೂ ಮೂಗಿಗೆ ಬಡಿದಿರಲಿಲ್ಲ. ಆಮೇಲೆ ಅವನು ಯಾರನ್ನೂ ಕೇಳಲಿಲ್ಲ.

ಲಂಗಗಳನ್ನು ಪಟಿಕದ ನೀರಿನಲ್ಲಿ ಅದ್ದಬೇಕೆಂಬುದು ಆ ರಂಗಮಂದಿರದ ನಿಯಮ. ಅದ್ದಿದ ಬಟ್ಟೆಗೆ ಬೆಂಕಿ ಹತ್ತಿದರೂ ಅಲ್ಲೇ ಕಪ್ಪಾಗಿ ಆರುತ್ತದೆ. ಆದರೆ ಬಿಳುಪು ಹೋಗಿ ಹಳದಿಗಟ್ಟುತ್ತದೆ, ಕೈಗೆ ಒರಟಾಗುತ್ತದೆ. ಹೊರಗೆ ಬೀದಿಯಲ್ಲಿ ಶ್ರೀಮಂತರ ಹೆಂಡತಿಯರು ಉಕ್ಕಿನ ಬಳೆಗಳ ಚೌಕಟ್ಟಿನ ಮೇಲೆ ಬಾಗಿಲು ಹಿಡಿಸದಷ್ಟು ಅಗಲದ ಲಂಗ ಹರಡಿಕೊಂಡು ಮೆರೆಯುವ ಕಾಲ. ಒಳಗೆ ಕುಣಿಯುವವಳಿಗೆ ಬಿಳುಪೊಂದೇ ಬಂಡವಾಳ.

ಕ್ಲೆಮಾನ್ಸ್ ಕೂಡ ಬಿಳುಪೇ ಬೇಕೆಂದಿದ್ದಳು. ಅವನ ತೋಳಿನ ಮೇಲೆ ಕೈಯಿಟ್ಟು ಕೇಳಿದ್ದಳು. ಅವನು ಕರಗಿಹೋಗಿ, ಭಾನುವಾರ ಲಂಗವನ್ನು ಮನೆಗೆ ಒಯ್ದು ಏಳು ನೀರಿನಲ್ಲಿ ಜಾಲಿಸಿ ಪಟಿಕವನ್ನೆಲ್ಲ ತೆಗೆದಿದ್ದ. ಮೂರನೆಯ ದಿನ ಅವಳು ರಂಗಕ್ಕೆ ಹೋಗುವ ಮುಂಚೆ, ಎಲ್ಲರೂ ಮಾಡುವಂತೆ, ಪದರಗಳನ್ನು ಕೊಡವಿ ಅರಳಿಸಿದಳು. ಪಕ್ಕದ ಗ್ಯಾಸ್ ದೀಪದ ಉರಿ ಆ ಗಾಳಿಗೆ ಪದರಗಳೊಳಗೆ ಹೊಕ್ಕಿತು. ಅವಳು ಉಳಿಯಲಿಲ್ಲ. ತಾನೇ ಒಗೆದುಕೊಂಡಿದ್ದಳು, ಪಾಪ, ಎಂದು ಎಲ್ಲರೂ ಅಂದುಕೊಂಡರು. ಆನ್ಸೆಲ್ಮ್ ಅಲ್ಲವೆನ್ನಲಿಲ್ಲ.

"ಒಗೆಯೋಕೆ ಆಗಲ್ಲ, ಮದ್ಮಾಜೆಲ್," ಎಂದ ಈಗ.

ಲಿಯೊಕಾದಿ ಅಳತೆಯ ಸ್ಟೂಲಿನ ಮೇಲೆ ಹತ್ತಿ ನಿಂತಳು. ಒಂದು ತಿಂಗಳಿಂದ ಅವಳು ಏನಾದರೊಂದು ನೆಪ ಹಿಡಿದು ನಾಲ್ಕು ಮಹಡಿ ಹತ್ತಿ ಬರುತ್ತಿದ್ದಳು. ಒಮ್ಮೆ ಗುಂಡಿ ಸಡಿಲ, ಒಮ್ಮೆ ಸೊಂಟ ಬಿಗಿ. ಅವನು ಅಂಚಿಗೆ ಗುಂಡುಸೂಜಿ ಚುಚ್ಚುವಾಗ ಎದುರಿನ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು. ಅವನು ತಲೆಯೆತ್ತಿದರೆ ಕಿಟಕಿ ನೋಡುತ್ತಿದ್ದಳು. ಆ ಆಟ ಇಬ್ಬರಿಗೂ ಗೊತ್ತಿತ್ತು, ಇಬ್ಬರಿಗೂ ಬೇಕಿತ್ತು.

"ಮಾತು ಬೇಡ ಅನ್ನಿಸ್ದಾಗೆಲ್ಲ ಬಾಯ್ತುಂಬ ಗುಂಡುಸೂಜಿ ಇಟ್ಕೋತೀರಿ," ಎಂದಳು. "ತೆಗೀರಿ. ಯಾಕೆ ಆಗಲ್ಲ ಹೇಳಿ."

ಅವನು ತೆಗೆಯಲಿಲ್ಲ. ನಿಜ ಹೇಳಿದರೆ ಈ ಕಣ್ಣುಗಳು ಮತ್ತೆ ಕನ್ನಡಿಯಲ್ಲಿ ತನ್ನನ್ನು ಹುಡುಕುವುದಿಲ್ಲ ಎಂದು ಅವನಿಗೆ ಭಯ.

ಅವಳು ಖಾಲಿ ಕೊಕ್ಕೆಯ ಕಡೆ ನೋಡಿದಳು. ಮುಖದ ನಗು ಇಳಿಯಿತು. "ಅರ್ಥ ಆಯ್ತು ಬಿಡಿ. ನಿಮ್ ಮನಸ್ಸಲ್ಲಿ ಇನ್ನೂ ಅವಳೇ. ಸತ್ತೋಳಿಗೆ ಬಿಳಿ, ಬದುಕಿರೋಳಿಗೆ ಹಳದಿ." ಲಂಗವನ್ನು ಎತ್ತಿಕೊಂಡು ಇಳಿದುಹೋದಳು.

ಮತ್ತೆ ಮೂರು ದಿನ ಅವಳು ಬರಲಿಲ್ಲ. ಆನ್ಸೆಲ್ಮ್ ಮೆಟ್ಟಿಲ ಸದ್ದಿಗೆಲ್ಲ ಕಿವಿಗೊಟ್ಟು ಬೆರಳಿಗೆ ಸೂಜಿ ಚುಚ್ಚಿಕೊಂಡ.

ಗುರುವಾರ ಮಧ್ಯಾಹ್ನ ಪೂರ್ತಿ ಉಡುಪಿನ ತಾಲೀಮು. ರವಿಕೆಯ ಬೆನ್ನನ್ನು ಮೈಮೇಲೆಯೇ ಹೊಲಿದು ಮುಚ್ಚುವುದು ಅಲ್ಲಿನ ಪದ್ಧತಿ. ಆನ್ಸೆಲ್ಮ್ ರಂಗದ ಪಕ್ಕದ ಪರದೆಯ ಮರೆಯಲ್ಲಿ ಲಿಯೊಕಾದಿಯ ಹಿಂದೆ ನಿಂತು ಹೊಲಿಯತೊಡಗಿದ. ಅವಳು ಮುಖ ತಿರುಗಿಸಿಕೊಂಡೇ ನಿಂತಳು. ಆದರೆ ಅವನ ಉಸಿರು ತಾಗಿದಾಗ ಕತ್ತಿನ ಹಿಂದಿನ ಕೂದಲು ನವಿರಾಗಿ ನಡುಗಿತು.

ಹೊಲಿಗೆ ಸೊಂಟಕ್ಕಿಳಿದಾಗ ಅವನ ಬೆರಳು ಲಂಗಕ್ಕೆ ತಾಗಿತು. ಬಟ್ಟೆ ಮೆತ್ತಗಿತ್ತು. ಅವಳೇ ಒಗೆದಿದ್ದ ಬಟ್ಟೆ, ಹಾಲಿನಂತೆ ಬಿಳಿ. ಸುಟ್ಟ ಗಂಜಿಯ ವಾಸನೆ ಗಪ್ಪನೆ ಬಂತು. ಎರಡು ಮಾರು ದೂರದಲ್ಲಿ ಗ್ಯಾಸ್ ದೀಪ ಸುಮ್ಮನೆ ಉರಿಯುತ್ತಿತ್ತು. ಅವಳ ಕುಣಿತದ ವಾದ್ಯ ಶುರುವಾಯಿತು. ಅವಳು ಪದರ ಕೊಡವಲು ಎರಡೂ ಕೈ ಇಳಿಸಿದಳು.

ಆನ್ಸೆಲ್ಮ್ ಕತ್ತರಿ ತೆಗೆದು ಲಂಗದ ಸೊಂಟಪಟ್ಟಿಯನ್ನು ಕತ್ತರಿಸಿಬಿಟ್ಟ. ಒಂಬತ್ತು ಪದರವೂ ಅವಳ ಕಾಲ ಬುಡದಲ್ಲಿ ಕುಸಿದವು.

"ನಿಮ್ಗೇನು ತಲೆ ಕೆಟ್ಟಿದ್ಯಾ?" ಅವಳು ಗರ್ರನೆ ತಿರುಗಿದಳು.

"ಕ್ಲೆಮಾನ್ಸ್ ಲಂಗ ಒಗೆದೋನು ನಾನು," ಎಂದ ಆನ್ಸೆಲ್ಮ್. "ಅವಳಲ್ಲ. ಅವಳು ಕೇಳಿದ್ಲು, ಇಲ್ಲ ಅನ್ನೋಕೆ ನನ್ ಕೈಲಾಗ್ಲಿಲ್ಲ. ಎರಡು ವರ್ಷದಿಂದ ಬಾಯಿ ಮುಚ್ಕೊಂಡಿದ್ದೀನಿ. ನಿನಗೆ ಇಲ್ಲ ಅಂತಿದ್ದೀನಿ, ಲಿಯೊಕಾದಿ. ನಿನ್ನ ಮೇಲೆ ನಂಗಿರೋ ಪ್ರೀತಿ ಅಂದ್ರೆ ಇದೇ. ಬೇಕಾದ್ರೆ ಬೈಕೋ."

ವಾದ್ಯಗಳು ನಿಂತಿದ್ದವು. ದೀಪದವರು, ಪರದೆಯವರು, ನೃತ್ಯದ ಮೇಷ್ಟ್ರು, ಎಲ್ಲರಿಗೂ ಕೇಳಿಸಿತ್ತು. ಅವಳು ಬಹಳ ಹೊತ್ತು ಅವನ ಮುಖ ನೋಡಿದಳು, ಈ ಸಲ ಕನ್ನಡಿಯಿಲ್ಲದೆ. ಆಮೇಲೆ ಹಳದಿ ಲಂಗವೊಂದನ್ನು ತರಿಸಿ ಉಟ್ಟು, ರಂಗಕ್ಕೆ ನಡೆದಳು.

ಸಂಜೆಯ ಹೊತ್ತಿಗೆ ಆನ್ಸೆಲ್ಮ್‌ಗೆ ಶನಿವಾರದಿಂದ ಬರಬೇಡ ಎಂಬ ಅಪ್ಪಣೆಯಾಯಿತು. ಅವನು ಕೋಣೆಯಲ್ಲಿ ಸೂಜಿಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಮೆಟ್ಟಿಲ ಮೇಲೆ ಸದ್ದಾಯಿತು. ಲಿಯೊಕಾದಿ ಒಳಗೆ ಬಂದಳು. ಸ್ಟೂಲನ್ನು ಎಳೆದು ಏಳನೆಯ ಕೊಕ್ಕೆಯ ಕೆಳಗಿಟ್ಟಳು. ಅವನು ಸ್ಟೂಲು ಹಿಡಿದುಕೊಂಡ. ಅವಳು ಹತ್ತಿ ಹಳದಿ ಲಂಗವನ್ನು ತಲೆಕೆಳಗಾಗಿ ಸಿಕ್ಕಿಸಿ ಇಳಿದು, ಅವನ ಪಕ್ಕ ನಿಂತಳು.

ಕಿಟಕಿ ಮುಚ್ಚಿತ್ತು. ಲಂಗ ಮೆಲ್ಲಗೆ ಒಂದು ಸುತ್ತು ತಿರುಗಿ ನಿಂತಿತು.

ಆನ್ಸೆಲ್ಮ್ ಅವಳ ಮುಖ ನೋಡಿದ. ಅವಳು ಅವನ ಕೈಯನ್ನು ಹುಡುಕಿ ಹಿಡಿದುಕೊಂಡಳು. ಅವಳ ಬೆರಳುಗಳು ತಣ್ಣಗಿದ್ದವು.

"ನಾನೂ ನೋಡ್ದೆ," ಎಂದಳು.