ಎಣ್ಣೆಯಲ್ಲಿ ಮೂಡಿದ ಗೆರೆಗಳು

“ಇದನ್ನ ನೀವು ಕಣ್ಣಾರೆ ನೋಡಿದ್ದೀರಾ ಮೇಷ್ಟ್ರೇ?”

ಪ್ರಯೋಗಾಲಯದ ಬಾಗಿಲಲ್ಲೇ ನಿಂತು ಕೇಳಿದಳು ಅವಳು. ಕೈಯಲ್ಲಿ, ಅವನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ಕಳಿಸಿದ್ದ ಚಿತ್ರ. ಸಿಟ್ಟಿಗೆ ಮೂಗಿನ ತುದಿಯೂ ಕೆಂಪಾಗಿತ್ತು.

ಅವಳು ಮುದ್ರಣಾಲಯದಲ್ಲಿ ಪಾಠಪುಸ್ತಕಗಳಿಗೆ ಚಿತ್ರ ಬರೆಯುವವಳು. ಜಡೆಯಲ್ಲಿ ಸದಾ ಒಂದು ಪೆನ್ಸಿಲ್ ಇರುತ್ತಿತ್ತು, ಹಾಗಾಗಿ ಎಲ್ಲರಿಗೂ ಪೆನ್ಸಿಲಮ್ಮ. ಅವನು ಆ ಪುಸ್ತಕ ಬರೆಯುತ್ತಿದ್ದ ಭೌತಶಾಸ್ತ್ರದ ಮೇಷ್ಟ್ರು. ಅಂದಿನವರೆಗೆ ಒಬ್ಬರ ಮುಖ ಒಬ್ಬರು ಕಂಡವರಲ್ಲ.

“ಏನನ್ನ?” ಅವನು ತಬ್ಬಿಬ್ಬಾದ.

“ಈ ವಿದ್ಯುತ್ ಬಲರೇಖೆಗಳನ್ನ! ಕಣ್ಣಿಗೇ ಕಾಣದ್ದನ್ನ ತಪ್ಪು ಅಂತ ಹೇಗೆ ಹೇಳ್ತೀರಿ?”

“ಗೆರೆಗೆ ಗೆರೆ ಅಡ್ಡ ಬಂದಿದೆ ನೋಡಿ. ಇಲ್ಲೊಂದು ಪುಟ್ಟ ವಿದ್ಯುದಂಶ ಇಟ್ರೆ, ಪಾಪ, ಅದು ಯಾವ ಕಡೆ ಹೋಗ್ಬೇಕು? ಒಂದು ಜಾಗಕ್ಕೆ ಒಂದೇ ದಿಕ್ಕು... ಬನ್ನಿ, ತೋರಿಸ್ತೀನಿ.”

ಗಾಜಿನ ತಟ್ಟೆಗೆ ಹರಳೆಣ್ಣೆ ಸುರಿದ. ಮೇಲೊಂದು ಚಿಟಿಕೆ ರವೆ ಉದುರಿಸಿದ.

“ಇದೇನು ಪಾಠಾನೋ ಅಡುಗೇನೋ?”

“ತಿನ್ನೋ ಹಾಗಿಲ್ಲ, ಅಷ್ಟೇ.”

ಎರಡು ಲೋಹದ ಕಡ್ಡಿಗಳನ್ನು ಎಣ್ಣೆಗಿಳಿಸಿ, ಎರಡಕ್ಕೂ ಒಂದೇ ಬಗೆಯ ವಿದ್ಯುತ್ ಸೇರುವಂತೆ ತಂತಿ ಕಟ್ಟಿ, ವಿದ್ಯುತ್ ಹುಟ್ಟಿಸುವ ಯಂತ್ರದ ಹಿಡಿ ತಿರುಗಿಸಿದ.

ರವೆಯ ಕಾಳುಗಳು ಮಿಸುಕಿದವು! ಮೆಲ್ಲಗೆ ಒಂದರ ಹಿಂದೊಂದು ಸಾಲುಗಟ್ಟಿದವು. ಈ ಕಡ್ಡಿಯ ಸಾಲು ಆ ಕಡ್ಡಿಯ ಸಾಲನ್ನು ಕಂಡು ಮುಖ ತಿರುಗಿಸಿಕೊಂಡಂತೆ ಬಾಗಿತು. ಎರಡರ ನಟ್ಟನಡುವೆ ಮಾತ್ರ ಖಾಲಿ.

ಅವಳ ಸಿಟ್ಟು ಎಲ್ಲಿ ಹೋಯಿತೋ! ‘ಇಷ್ಟು ದಿನವೂ ಇದು ಇತ್ತಾ... ನನ್ನ ಕಣ್ಣಿಗೆ ಬೀಳದೆ?’

ಅವನು ಮಾತ್ರ ತಟ್ಟೆ ಬಿಟ್ಟು ಅವಳ ಮುಖ ನೋಡುತ್ತಿದ್ದ.

ಹೊಸದಾಗಿ ಬರೆದು ಕಳಿಸಿದಳು. ವಾಪಸ್ ಬಂತು: ‘ಮತ್ತೆ ಬರೆಯಿರಿ.’ ಹೋದಳು, ಕೇಳಿದಳು, ಕಲಿತಳು, ಬರೆದಳು. ಮತ್ತೆ ವಾಪಸ್.

ಮುದ್ರಣಾಲಯದ ಯಜಮಾನರಿಗೆ ತಾಳ್ಮೆ ತಪ್ಪಿತು. “ನೋಡು ಪೆನ್ಸಿಲಮ್ಮ, ಇನ್ನೊಂದ್ಸಲ ಚಿತ್ರ ವಾಪಸ್ ಬಂದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ಕರೀತೀನಿ.”

ಮತ್ತೊಮ್ಮೆಯೂ ಬಂತು.

‘ನನ್ನ ಕಂಡ್ರೇ ಆಗಲ್ಲ ಇವರಿಗೆ...’ ಚಿತ್ರ ಹಿಡಿದು ನೇರ ಪ್ರಯೋಗಾಲಯಕ್ಕೆ ನಡೆದಳು.

“ಎಣ್ಣೆ ಸುರೀರಿ. ತಿರುಗಿಸಿ ಆ ಯಂತ್ರಾನ!”

ಸಾಲುಗಳು ಎದ್ದವು. ಪಕ್ಕದಲ್ಲೇ ಚಿತ್ರ ಹರಡಿದಳು. ಅದೇ ಬಾಗು, ಅದೇ ಖಾಲಿ ಜಾಗ.

“ತಪ್ಪೆಲ್ಲಿದೆ? ಬೆರಳಿಟ್ಟು ತೋರಿಸಿ!”

ಯಂತ್ರ ನಿಂತಿತು. ಅವನು ತಲೆ ತಗ್ಗಿಸಿದ.

“ತಪ್ಪಿಲ್ಲ... ಮೊದಲನೆಯದು ಬಿಟ್ರೆ ಯಾವುದರಲ್ಲೂ ಇರ್ಲಿಲ್ಲ. ಒಪ್ಪಿಬಿಟ್ರೆ ನೀವು ಬರೋದೇ ನಿಂತುಹೋಗುತ್ತೆ ಅಂತ...”

“ನಿಮ್ಮಾಟಕ್ಕೆ ನನ್ನ ಕೆಲಸಾನೇ ಹೋಗ್ತಿದೆ ಮೇಷ್ಟ್ರೇ!”

ಅವನ ಮುಖ ಬಿಳಿಚಿತು. ಚಿತ್ರ ಎತ್ತಿಕೊಂಡು ಹೊರಟ. ಹಿಂದೆಯೇ ಅವಳು.

ಮುದ್ರಣಾಲಯದಲ್ಲಿ, ಅಚ್ಚು ಜೋಡಿಸುವವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿರುವಾಗಲೇ ಹೇಳಿದ: “ಯಜಮಾನ್ರೇ, ಚಿತ್ರ ಸರಿಯಾಗಿತ್ತು. ಇವರು ನನ್ನ ಹತ್ರ ಬರ್ತಾ ಇರ್ಲಿ ಅಂತ ನಾನೇ ವಾಪಸ್ ಕಳಿಸ್ದೆ. ತಪ್ಪು ನಂದು.”

ಯಜಮಾನರು ಕನ್ನಡಕ ತೆಗೆದು ಅವನನ್ನೇ ನೋಡಿದರು. “ನೆಟ್ಟಗೆ ಕೇಳೋಕೆ ಬಾಯಿರ್ಲಿಲ್ವೇನಯ್ಯಾ? ನನ್ನ ಕಾಗದ ಎಲ್ಲಾ ದಂಡ ಮಾಡಿದ್ಯಲ್ಲೋ! ಹೋಗಮ್ಮ, ನಿನ್ನ ಮೇಜು ನಿಂದೇ.”

ಹೊರಗೆ ಮೆಟ್ಟಿಲ ಮೇಲೆ ಅವನು ಅವಳಿಂದ ದೂರವೇ ನಿಂತ.

“ಕ್ಷಮಿಸಿ... ಇನ್ನು ಬರಲ್ಲ ಅಲ್ವಾ?”

ಅವಳು ಬೇರೆಯೇ ಕೇಳಿದಳು.

“ಪಕ್ಕದಲ್ಲಿ ಯಾವುದೂ ಇಲ್ಲದೆ ಒಂದೇ ವಿದ್ಯುದಂಶ ಇದ್ರೆ... ಅದರ ಗೆರೆ ಎಲ್ಲಿಗೆ ಹೋಗಿ ನಿಲ್ಲುತ್ತೆ?”

“ನಿಲ್ಲೋದೇ ಇಲ್ಲ. ದೂರ ಹೋದಷ್ಟೂ ಬಲ ಕಮ್ಮಿಯಾಗುತ್ತೆ, ಅಷ್ಟೇ.”

“ಗೊತ್ತಿದ್ದೂ ಅಷ್ಟು ದೂರ ನಿಂತಿದ್ದೀರಲ್ಲ!”